ಇರುವೆ ಹತ್ತಿದ ಗೋಡೆ

"ಅಕ್ಕಾ, ಮುಟ್ಟಬೇಡಿ! ಪೊಲೀಸರು ಏನೂ ಮುಟ್ಟಬಾರದು ಅಂದಿದ್ದಾರೆ!" ಪ್ರಣೀತಾ ಕೂಗಿದಳು.

"ಅದು ನಿನಗೆ ಹೇಳಿದ್ದು. ನನಗೆ ಯಾರೂ ಎಂತದೂ ಹೇಳ್ಲಿಲ್ಲ," ಎನ್ನುತ್ತ ಲೋಲಾಕ್ಷಿ ಸೀರೆಯ ನೆರಿಗೆಯನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನೀಲಿ ತಾಡಪತ್ರಿಯನ್ನು ಒಂದೇ ಎಳೆತಕ್ಕೆ ಪಕ್ಕಕ್ಕೆ ಸರಿಸಿಬಿಟ್ಟಳು.

ಠಾಕುರ್ಲಿಯ ನೇತ್ರಾವತಿ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಪ್ರಣೀತಾಳ ಹೊಸ ಬಗೆಯ ಇಟ್ಟಿಗೆಯಿಂದ ಮಾದರಿಗೆಂದು ಕಟ್ಟಿದ್ದ ಆ ಒಂಟಿ ಕೋಣೆಯ ಪಡುವಣ ಗೋಡೆ ಹೋದ ವಾರ ಕುಸಿದಿತ್ತು. ಕಸ ಗುಡಿಸುತ್ತಿದ್ದ ಮಹಾದೇವಕ್ಕ ಅದರಡಿ ಸಿಕ್ಕಿಕೊಂಡಿದ್ದಳು. ಕಲ್ಯಾಣದ ಆಸ್ಪತ್ರೆಯಲ್ಲಿ ಮಲಗಿದ್ದ ಅವಳಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಪ್ರಣೀತಾ ಕರೆಸಿಕೊಂಡಿದ್ದ ಲೋಲಾಕ್ಷಿ ವಿಮೆ ಕಂಪನಿಯಲ್ಲಿ ನಷ್ಟ ಅಳೆಯುವ ಸರ್ವೇಯರ್ ಆಗಿದ್ದವಳು. ಸುಟ್ಟ ಗೋದಾಮು, ಕುಸಿದ ಛಾವಣಿ, ಮುಳುಗಿದ ಲಾರಿಗಳನ್ನು ನೋಡಿ ನೋಡಿಯೇ ತಲೆ ನರೆತಿತ್ತು. ನಿವೃತ್ತಿಯಾದ ಮೇಲೆ ಡೊಂಬಿವ್ಲಿಯ ಮನೆಯಲ್ಲಿ ಸುಮ್ಮನೆ ಕೂರಲಾರದೆ ಪತ್ತೇದಾರಿಕೆ ಶುರು ಮಾಡಿದ್ದಳು. ಗಂಡಸರು ನಗುತ್ತಿದ್ದರು. ನಗಲಿ, ಅವರೇನು ಹಲ್ಲಿಗೆ ಬಾಡಿಗೆ ಕೊಡಬೇಕೇ!

ಅವಳು ಅವಶೇಷದ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಪ್ರಣೀತಾ, ಇಲ್ಲಿ ಬಾ. ಇದೆಂತ?"

ಪ್ರಣೀತಾ ಬಗ್ಗಿದಳು. ಕಾಂಪೌಂಡಿನ ಬಿರುಕಿನಿಂದ ಹೊರಟ ಕೆಂಪಿರುವೆಗಳ ಸಾಲು ಬಿದ್ದ ಗೋಡೆಯ ರಾಶಿಯೊಳಗೆ ನುಗ್ಗುತ್ತಿತ್ತು. ಇನ್ನೊಂದು ಸಾಲು ವಾಪಸು ಹೊರಟಿತ್ತು. ಮದುವೆ ಮನೆಗೆ ಹೊರಟ ದಿಬ್ಬಣದಷ್ಟು ಸಡಗರ.

"ಇರುವೆ ಅಲ್ವಾ?"

"ಇರುವೆ ಅಂತ ನನಗೂ ಗೊತ್ತುಂಟು ಮಾರಾಯ್ತಿ. ನಿಂತಿರುವ ಮೂರು ಗೋಡೆ ನೋಡು. ಅಲ್ಲಿ ಒಂದಾದರೂ ಇರುವೆ ಉಂಟಾ?"

ಒಂದೂ ಇರಲಿಲ್ಲ.

ಲೋಲಾಕ್ಷಿ ಒಂದು ತುಂಡನ್ನೆತ್ತಿ ಮುರಿದಳು. ಮುರಿಯಲು ಕಷ್ಟವೇ ಆಗಲಿಲ್ಲ. ಹೊರಗೆ ಸುಣ್ಣದ ಗಿಲಾವಿನ ಬಿಳಿ ಪದರ. ಒಳಗೆ ಬೂದುಬಣ್ಣದ, ಇನ್ನೂ ಹಸಿಹಸಿಯಾಗಿ ಬೆರಳಿಗಂಟುವ ಮುದ್ದೆ.

ಪ್ರಣೀತಾಳ ಮುಖದ ಬಣ್ಣವೇ ಬದಲಾಯಿತು. ಗೋಡೆ ಬಿದ್ದಾಗಿನಿಂದ ಅವಳನ್ನು ಈ ಅಂಗಳಕ್ಕೆ ಯಾರೂ ಬಿಟ್ಟಿರಲಿಲ್ಲ. ಇವತ್ತು ಬೀಗದ ಕೈ ಸಿಗಬೇಕಾದರೆ ಸೊಸೈಟಿಯ ಅಧ್ಯಕ್ಷೆ ಚಂದ್ರಬಾಯಿಯ ಜೊತೆ ಲೋಲಾಕ್ಷಿ ಬೆಳಗ್ಗೆಯೇ ಒಂದು ಜಗಳ ಮುಗಿಸಿ ಬಂದಿದ್ದಳು.

"ಅಕ್ಕ, ಇದು ನನ್ನ ಇಟ್ಟಿಗೆನೇ ಅಲ್ಲ!" ಪ್ರಣೀತಾ ತುಂಡನ್ನು ಕಸಿದುಕೊಂಡಳು. "ಇದರಲ್ಲಿ ಸಿಮೆಂಟ್ ಇದೆ!"

"ನಿನ್ನದರಲ್ಲಿ ಇರುವುದಿಲ್ವಾ?"

"ಚಿಟಿಕೆಯಷ್ಟೂ ಇರಲ್ಲ. ಅದಕ್ಕೇ ಅಲ್ವಾ ನಾನು ಇಷ್ಟು ವರ್ಷ ಒದ್ದಾಡಿದ್ದು? ಕಬ್ಬಿನ ಸಿಪ್ಪೆ, ಸುಣ್ಣ, ಭತ್ತದ ಹೊಟ್ಟಿನ ಬೂದಿ. ಅಷ್ಟೇ. ಎಲ್ಲ ಕಬ್ಬಿನ ಹಾಲಿನ ರಸವಂತಿ ಅಂಗಡಿಗಳ ಹಿಂದೆ ಬಿಸಾಡೋ ಸಿಪ್ಪೆ. ಅದನ್ನ ಸುಣ್ಣದ ನೀರಲ್ಲಿ ನೆನೆಸಿ, ಸಿಹಿ ಪೂರ್ತಿ ಹೋಗೋವರೆಗೆ ತೊಳೀತೀವಿ. ಆಮೇಲೇ ಕಲಸೋದು."

"ತೊಳೆಯದಿದ್ದರೆ?"

"ಸಿಹಿ ಉಳಿಯುತ್ತೆ. ಅದರ ಮೇಲೆ ಸಿಮೆಂಟ್ ಹಾಕಿದರೆ ಕಥೆ ಮುಗೀತು. ಸಿಮೆಂಟಿಗೂ ಸಕ್ಕರೆಗೂ ಆಗಿಬರಲ್ಲ ಅಕ್ಕ. ಸ್ವಲ್ಪ ಸಕ್ಕರೆ ಸೇರಿದರೆ ಸಾಕು, ಸಿಮೆಂಟ್ ಗಟ್ಟಿಯಾಗೋದೇ ಇಲ್ಲ."

ಲೋಲಾಕ್ಷಿ ಇರುವೆಗಳನ್ನು ನೋಡಿದಳು. ಪೊಲೀಸರಿಗೆ, ಇಂಜಿನಿಯರಿಗೆ, ಕಮಿಟಿಯ ಮಹಾಶಯರಿಗೆ ಕಾಣದ ಸಿಹಿ ಇವಕ್ಕೆ ಸಿಕ್ಕಿತ್ತು.

"ಬಕೆಟ್ ತರ್ಲಾ, ತೇಲಿಸಿ ನೋಡ್ಲಿಕ್ಕೆ?" ಎಂದ ಅದುವರೆಗೆ ಗೇಟಿಗೆ ಒರಗಿ ಫೋನು ನೋಡುತ್ತಿದ್ದ ಸಮಿತ್. ಅವನು ಪ್ರಣೀತಾಳ ಪಾಲುದಾರ. ಕಾಲೇಜಿನಿಂದಲೂ ಜೊತೆ. ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಶೆಡ್ಡಿನಲ್ಲಿ ಅವಳು ಇಟ್ಟಿಗೆ ಮಾಡಿದರೆ, ಅದನ್ನು ಲಾರಿಗೆ ಹಾಕಿ ಕಳಿಸುವುದು, ಫೋನು, ಗಿರಾಕಿ, ಎಲ್ಲ ಅವನದು. ಕನ್ನಡ ಪೂರ್ತಿ ಅರ್ಥವಾದರೂ ಒಂದೆರಡು ಮಾತು ಬಿಟ್ಟರೆ ಉತ್ತರ ಹಿಂದಿಯಲ್ಲೇ.

ವಾಚ್‌ಮನ್‌ನ ಬಕೆಟ್ಟಿಗೆ ನೀರು ತುಂಬಿತು. ಪ್ರಣೀತಾ ನಿಂತ ಗೋಡೆಯ ಕಿಟಕಿ ಅಂಚಿನಿಂದ ಒಂದು ಚೂರು ಕಿತ್ತು ಹಾಕಿದಳು. ಅದು ಬೆಂಡಿನ ಹಾಗೆ ತೇಲಿತು. ಬಿದ್ದ ಗೋಡೆಯ ಚೂರು ಬುಡುಕ್ಕೆಂದು ತಳ ಸೇರಿತು.

"ನೋಡಿದ್ರಾ? ನೋಡಿದ್ರಾ ಅಕ್ಕ?" ಪ್ರಣೀತಾಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನನ್ನ ಮೂರು ಗೋಡೆ ನಿಂತಿದೆ. ಯಾರಾದ್ರೂ ಅದರ ಕಡೆ ನೋಡಿದ್ರಾ?"

ಸಮಿತ್ ಅವಳ ಹೆಗಲು ಮುಟ್ಟಿದ. "ಅರೇ ಯಾರ್, ಯೇ ಸಬ್ ಕೌನ್ ಸುನೇಗಾ? ಶಾಮ್ ಕೋ ಸಾರಿ ಬೋಲ್ ದೇ. ಬಾತ್ ಖತಮ್."

ಅವಳು ಹೆಗಲು ಕೊಡವಿಕೊಂಡಳು. "ಸಂಜೆ ಎಲ್ಲರೆದುರು ಸಾರಿ ಯಾಕೆ ಹೇಳ್ಲಿ? ಏನು ತಪ್ಪು ಮಾಡಿದೆ ಅಂತ ಹೇಳ್ಲಿ?"

ಸಂಜೆ ಸೊಸೈಟಿಯ ಸಭೆ. ಚಂದ್ರಬಾಯಿ ಮುಚ್ಚುಮರೆಯಿಲ್ಲದೆ ಹೇಳಿಕಳಿಸಿದ್ದಳು. ಪ್ರಣೀತಾ ಎಲ್ಲರೆದುರು ನಿಂತು, ತನ್ನ ಇಟ್ಟಿಗೆ ಮನೆ ಕಟ್ಟಲು ಯೋಗ್ಯವಲ್ಲ ಎಂದು ಒಪ್ಪಿ ಕ್ಷಮೆ ಕೇಳಿದರೆ ಇದು ಅಪಘಾತ. ಇಲ್ಲವಾದರೆ ಸೊಸೈಟಿಯೇ ಪೊಲೀಸರಿಗೆ ದೂರು ಕೊಡುತ್ತದೆ. ಒಪ್ಪಿದರೆ ಇಟ್ಟಿಗೆ ಹೋಯಿತು, ಒಪ್ಪದಿದ್ದರೆ ಹುಡುಗಿ ಜೈಲಿಗೆ ಹೋದಳು.

"ಇರುವೆ ವಿಷಯ ಸಂಜೆವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ, ಆಯ್ತಾ?" ಎಂದು ಲೋಲಾಕ್ಷಿ ಇಬ್ಬರಿಗೂ ತಾಕೀತು ಮಾಡಿ, ಮುದ್ದೆಯಂಥ ಚೂರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಬಿರಬಿರನೆ ನಡೆದಳು.

*

ಉಲ್ಹಾಸನಗರದ ಸಿಮೆಂಟು ವ್ಯಾಪಾರಿ ಶಿವರಾಜನೇ ಕಳ್ಳನಾಗಿರಲಿ ಎಂದು ಲೋಲಾಕ್ಷಿ ದಾರಿಯುದ್ದಕ್ಕೂ ಬಯಸಿದ್ದಳು. ಅದರಲ್ಲಿ ಅವಳಿಗೆ ನಾಚಿಕೆಯೇನೂ ಇರಲಿಲ್ಲ. ನೇತ್ರಾವತಿಯ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವಾಗ ಸಿಮೆಂಟು ತನ್ನದೇ ಎಂದು ಅವನು ಖಾತ್ರಿ ಮಾಡಿಕೊಂಡಿದ್ದ. ಅದೇ ಕಟ್ಟಡದಲ್ಲಿ ಆಡಿ ಬೆಳೆದ ಪ್ರಣೀತಾ ನಡುವೆ ಬಂದು, ಕಂಬ ತೊಲೆ ಬಿಟ್ಟು ಉಳಿದ ಗೋಡೆಗಳಿಗೆಲ್ಲ ತನ್ನ ಇಟ್ಟಿಗೆ ಸಾಕು, ಬೇಕಾದರೆ ಒಂದು ಕೋಣೆ ಕಟ್ಟಿ ತೋರಿಸುತ್ತೇನೆ ಎಂದಿದ್ದಳು. ಸಭೆಯಲ್ಲಿ ಇವನು ಎದ್ದುನಿಂತು, ದನಗಳು ಗೋಡೆ ಮೇಯ್ದರೆ ಯಾರು ಹೊಣೆ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ.

ಲೋಲಾಕ್ಷಿ ಚೀಲದ ಚೂರನ್ನು ಅವನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು.

"ಇದು ನಿಮ್ಮ ಸಿಮೆಂಟು."

ಶಿವರಾಜ ಚೂರನ್ನು ಹಿಸುಕಿದ, ಮೂಸಿದ, ಅಂಗೈ ಒರೆಸಿಕೊಂಡ. "ಸಿಮೆಂಟ್ ಹೌದ್ರಿ. ಆದ್ರ ಇದಕ್ಕ ಸಕ್ಕರಿ ಬಡದೈತಿ."

ಲೋಲಾಕ್ಷಿ ಹುಬ್ಬೇರಿಸಿದಳು. "ನಿಮಗೆ ಹೇಗೆ ಗೊತ್ತು?"

"ನಮ್ಮ ಗೋಡೌನದಾಗ ಚಹಾದ ಸಕ್ಕರಿ ಡಬ್ಬಿ ಸುದ್ದಾ ಇಡಾಕ ಬಿಡೂದಿಲ್ಲ ನಾ. ಒಮ್ಮೆ ಗೋಡೌನ್ ಹುಡುಗೂರು ಶರಬತ್ ಚೆಲ್ಲಿ ಮಾಲ್ ಕೆಡಸಿದ್ರು."

"ಹಾಗಾದರೆ ಸಕ್ಕರೆ ಸೇರಿದರೆ ಗೋಡೆ ಬೀಳುತ್ತದೆ ಅಂತ ನಿಮಗೆ ಚೆನ್ನಾಗಿಯೇ ಗೊತ್ತುಂಟು."

ಶಿವರಾಜ ಕುರ್ಚಿಯಿಂದ ಎದ್ದ. ಮುಖ ಕೆಂಪಾಗಿತ್ತು. "ಬಾಯಾರ, ನೀವು ದೊಡ್ಡಾವ್ರು, ಅದಕ್ಕ ಸುಮ್ನದೀನಿ. ಆ ಹುಡುಗೀನ ಸೋಲಸಬೇಕಂದ್ರ ನಾ ರೇಟ್ ಇಳಸ್ತಿದ್ನಿ. ಕಸಾ ಹುಡುಗೋ ಹೆಣಮಗಳ ಮ್ಯಾಲೆ ಗ್ವಾಡಿ ಕೆಡವತಿದ್ದಿಲ್ಲ. ಆ ಮಹಾದೇವಕ್ಕ ನಮ್ಮ ಮನಿ ಹಬ್ಬಕ್ಕ ಹೋಳಗಿ ಬಡದಾಕಿ, ತಿಳೀತ?"

ಆ ಸಿಟ್ಟು ನಾಟಕವಲ್ಲ ಎಂದು ಲೋಲಾಕ್ಷಿಗೆ ಅನಿಸಿತು. ಅವಳಿಗೆ ನಿರಾಸೆಯೇ ಆಯಿತು.

"ಮತ್ತೆ ಈ ಸಿಮೆಂಟು ಅಲ್ಲಿಗೆ ಹಾರಿಕೊಂಡು ಹೋಯ್ತಾ?"

ಶಿವರಾಜ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕೋಣಿ ಕಟ್ಟೂ ಮುಂದ ಬಸಲಿಂಗಪ್ಪ ಟೆಂಪೋ ತಗೊಂಡ ಬಂದಿದ್ದ. ಗಿಲಾವಿಗೆ ಬೇಕಂದ. ನಾ ನಗಚಾಟಗಿ ಮಾಡಿದ್ನಿ, ಯಾಕಲೇ, ನಿಮ್ಮ ಹುಲ್ಲಿನ ಮನಿಗೂ ನಾವs ಬೇಕಾದ್ವಿ ಏನಂತ. ಅಂವ ನಗಲಿಲ್ಲ."

ಆ ಕೋಣೆಗೆ ಮಾಡಿದ ಗಿಲಾವು ಬರೀ ಸುಣ್ಣದ್ದು. ಲೋಲಾಕ್ಷಿ ಅದನ್ನು ಕೈಯಾರೆ ಕೆರೆದು ನೋಡಿ ಬಂದಿದ್ದಳು.

ಬಸಲಿಂಗಪ್ಪ ಕೋಣೆ ಕಟ್ಟಿದ ಗುತ್ತಿಗೆದಾರ. ಮಹಾದೇವಕ್ಕನ ಸ್ವಂತ ಅಣ್ಣ.

*

ಕಲ್ಯಾಣದ ಆಸ್ಪತ್ರೆಯ ಕಾರಿಡಾರಿನಲ್ಲಿ ಬಸಲಿಂಗಪ್ಪ ಗೋಡೆಗೆ ಆತು ನಿಂತಿದ್ದ. ಬೆಂಚು ಖಾಲಿ ಇದ್ದರೂ ಕೂತಿರಲಿಲ್ಲ. ಬಿಳಿ ಟೊಪ್ಪಿಗೆ ಕೈಯಲ್ಲಿತ್ತು.

ಲೋಲಾಕ್ಷಿ ಕ್ಷೇಮ ಸಮಾಚಾರ ವಿಚಾರಿಸಲಿಲ್ಲ. ಚೀಲ ಮುಂದೆ ಹಿಡಿದಳು.

"ಗಿಲಾವಿಗೆ ಅಂತ ತಂದ ಸಿಮೆಂಟು ಇದರೊಳಗೆ ಹೇಗೆ ಬಂತು?"

ಅವನು ಚೀಲದ ಕಡೆ ನೋಡಲೂ ಇಲ್ಲ. "ನೀವು ಬರ್ತೀರಿ ಅಂತ ಗೊತ್ತಿತ್ರಿ."

"ಗೊತ್ತಿದ್ದರೆ ನೀವೇ ಬಂದು ಹೇಳ್ಬೇಕಿತ್ತು!"

"ಇಟ್ಟಂಗಿ ಒಂದ ಗ್ವಾಡಿಗಾಗೋವಷ್ಟು ಕಮ್ಮಿ ಬಿದ್ದಾವ್ರಿ. ಠಾಣೆ ಶೆಡ್ಡಿನಿಂದ ಇಟ್ಟಂಗಿ ಗಾಡಿ ಬರ್ಲಿಲ್ಲ. ಐತ್ವಾರ ಎಲ್ಲಾರೂ ನೋಡಾಕ ಬರಾವ್ರು. ಮ್ಯಾಲಿನ ಛತ್ತಿಗೆ ತುಂಬಾಕಂತ ತಂದ ಕಬ್ಬಿನ ಸಿಪ್ಪಿ ಅಲ್ಲೇ ಬಿದ್ದಿತ್ತು. ನಾನs ಅಚ್ಚಿಗೆ ಹಾಕಿ ಇಟ್ಟಂಗಿ ಮಾಡೀನ್ರಿ."

"ಮಾಡುವುದು ಮಾಡಿದಿರಿ, ಅದಕ್ಕೆ ಸಿಮೆಂಟು ಯಾಕೆ ಸುರಿದಿರಿ? ಅವಳು ಬೇಡ ಅಂತ ಸಾವಿರ ಸಲ ಹೇಳಿರಲಿಲ್ವಾ?"

ಅವನು ಈಗ ತಲೆ ಎತ್ತಿದ. ಕಣ್ಣು ಕೆಂಡವಾಗಿತ್ತು.

"ಸಿಮೆಂಟ ಹಾಕದ ಗ್ವಾಡಿ ನಿಂದರ್ತದ ಅಂತ ನನಗ ನಂಬಕೀನs ಬರ್ಲಿಲ್ಲರಿ! ಕಲ್ಯಾಣ ಡೊಂಬಿವ್ಲ್ಯಾಗ ಅರ್ಧಾ ಬಿಲ್ಡಿಂಗ ನನ್ನ ಕೈಯಾಗ ಎದ್ದಾವು. ಎಲ್ಲಾ ಸಿಮೆಂಟ ಮ್ಯಾಲೆ. ಪ್ಲಾನದಾಗ ಎಷ್ಟ ಬರದಿರ್ತಾರ ಅದಕ್ಕಿಂತ ಒಂದ ಕೈ ಜಾಸ್ತೀನs ಹಾಕಾಂವ ನಾ. ಕಮ್ಮಿ ಹಾಕಿದ್ರ ಪಾಪ ಅಂತ ತಿಳದಾಂವ. ಆ ಕೂಸಿನ ಹೆಸರು ಕೆಡಬಾರದು, ಗಟ್ಟಿ ಇರ್ಲಿ ಅಂತ ಹಾಕೇನ್ರಿ. ದೇವರಾಣಿ."

ಕೆಡುಕು ಬಯಸಿದವನ ಕೊರಳಪಟ್ಟಿ ಹಿಡಿಯುವುದು ಸುಲಭ. ಒಳ್ಳೆಯದು ಬಯಸಿ ಸ್ವಂತ ತಂಗಿಯ ಮೇಲೆಯೇ ಗೋಡೆ ಕೆಡವಿಕೊಂಡವನನ್ನು ಏನು ಮಾಡುವುದು? ಕನಿಕರವೂ ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು. ಗೆದ್ದದ್ದು ಸಿಟ್ಟು.

"ಆ ಸಿಪ್ಪೆಯಲ್ಲಿ ಸಿಹಿ ಇತ್ತು. ಸಿಹಿ ಇದ್ದಲ್ಲಿ ಸಿಮೆಂಟು ಗಟ್ಟಿಯಾಗುವುದಿಲ್ಲ. ನಿಮ್ಮ ಸಿಮೆಂಟೇ ಗೋಡೆ ಬೀಳಿಸಿದ್ದು."

ಬಸಲಿಂಗಪ್ಪ ಕೈಯಲ್ಲಿದ್ದ ಟೊಪ್ಪಿಗೆ ಹಿಂಡಿದ. "ಸಿಪ್ಪಿ ಹಸೀದಿತ್ರಿ, ಖರೆ. ಅದನ್ನ ತೊಳದ ಹಾಕೂಣು ಅಂತ ನಾ..."

"ನಿಮ್ಮ ತೊಳೆದ ಕತೆ ನನಗೆ ಬೇಡ! ಸಂಜೆ ಸಭೆಗೆ ಬಂದು ಇದನ್ನೇ ಹೇಳ್ತೀರೋ ಇಲ್ವೋ?"

"ಬಾಯಾರ, ಒಂದ ಮಾತು ಕೇಳ್ರಿ..."

"ಕೇಳ್ಲಿಕ್ಕೆ ಪುರುಸೊತ್ತಿಲ್ಲ. ಹೌದು ಅಥವಾ ಇಲ್ಲ?"

ಅವನು ಒಳಗಿನ ಬಾಗಿಲ ಕಡೆ ಬೆರಳು ತೋರಿಸಿದ. "ಅಕಿ ಕಣ್ಣ ಬಿಟ್ಟ ಕೂಡ್ಲೆ ಗ್ವಾಡಿ ಯಾರು ಕಟ್ಟಿದ್ರು ಅಂತ ಕೇಳ್ತಾಳ್ರಿ. ಅಣ್ಣನs ಕಟ್ಟಿದ್ದು ಅಂತ ಯಾವ ಬಾಯಿಲೆ ಹೇಳ್ಲಿ?"

ಲೋಲಾಕ್ಷಿ ದಡದಡನೆ ಮೆಟ್ಟಿಲಿಳಿದಳು. ಅವನೇನೋ ಹೇಳಲು ಹೊರಟಿದ್ದ, ಕೇಳಬೇಕಿತ್ತು ಎಂದು ರಿಕ್ಷಾ ಹತ್ತುವಾಗ ಅನಿಸಿತು. ಅಷ್ಟರಲ್ಲಿ ತಡವಾಗಿತ್ತು.

*

ಸಂಜೆ ಸಭೆಯ ಹಾಲ್‌ನ ಬಾಗಿಲಲ್ಲೇ ಲೋಲಾಕ್ಷಿ ಪ್ರಣೀತಾಳನ್ನು ಪಕ್ಕಕ್ಕೆಳೆದು ಎಲ್ಲ ಹೇಳಿದಳು.

"ಬಸಲಿಂಗಪ್ಪ ಕಾಕಾನಾ..." ಎಂದಳು ಪ್ರಣೀತಾ. "ಅವರ ಹೆಸರು ನಾನು ಹೇಳಲ್ಲ ಅಕ್ಕ. ಅಲ್ಲಿ ಅವರ ತಂಗಿ ಮಲಗಿದ್ದಾರೆ. ನಾಳೆ ಪೊಲೀಸರು ಇವರನ್ನ ಎಳ್ಕೊಂಡು ಹೋದರೆ ಆಸ್ಪತ್ರೆಯಲ್ಲಿ ಅವರ ಜೊತೆ ಯಾರಿರ್ತಾರೆ?"

"ಹಾಗಾದರೆ ಕ್ಷಮೆ ಕೇಳ್ತಿಯಾ?"

"ಅದೂ ಇಲ್ಲ."

"ನಿನಗೆ ತಲೆ ಸಮ ಉಂಟಾ ಮಾರಾಯ್ತಿ? ಎರಡೂ ಆಗ್ಲಿಕ್ಕಿಲ್ಲ ಅಂದ್ರೆ ಹೇಗೆ?"

"ಹೇಗೋ ಗೊತ್ತಿಲ್ಲ. ಆದ್ರೆ ನನ್ನ ಇಟ್ಟಿಗೆ ಸರಿ ಇಲ್ಲ ಅಂತ ನನ್ನ ಬಾಯಿಂದ ಬರಲ್ಲ. ಯಾರು ಬೇಕಾದ್ರೂ ಬರಲಿ."

ಬೈಯಲು ಹೊರಟ ಲೋಲಾಕ್ಷಿಗೆ ಹುಡುಗಿಯ ಮೇಲೆ ಹೆಮ್ಮೆ ಉಕ್ಕಿ ಬಂತು.

ಹಾಲ್ ಜನರಿಂದ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಿವರಾಜ. ಮೈಕಿನ ಪಕ್ಕದ ಕುರ್ಚಿಯಲ್ಲಿ ಪ್ರಣೀತಾ, ಅವಳಿಗೆ ತಾಗಿ ಸಮಿತ್. ಚಂದ್ರಬಾಯಿ ಕನ್ನಡಕ ಏರಿಸಿಕೊಂಡು ಪೀಠಿಕೆಯಿಲ್ಲದೆ ಶುರುಮಾಡಿದಳು.

"ಪ್ರಣೀತಾ, ನೀನು ನಮ್ಮ ಕಣ್ಣೆದುರೇ ಬೆಳೆದವಳು. ನಿನ್ನ ಮೇಲೆ ದ್ವೇಷ ಯಾರಿಗೂ ಇಲ್ಲ. ಎದ್ದು ನಿಂತು ಎರಡು ಮಾತು ಹೇಳು. ನಾವೂ ಮುಗಿಸ್ತೇವೆ."

ಪ್ರಣೀತಾ ಮೈಕು ಹಿಡಿದು ನಿಂತಳು.

"ಎರಡು ಮಾತಲ್ವಾ? ಹೇಳ್ತೀನಿ. ಮಹಾದೇವಕ್ಕನಿಗೆ ಪೆಟ್ಟಾಗಿದ್ದಕ್ಕೆ ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಇದು ಒಂದು. ಆ ಗೋಡೆ ನನ್ನ ಇಟ್ಟಿಗೆಯದ್ದಲ್ಲ. ಇದು ಎರಡು."

ಸಭೆಯಲ್ಲಿ ಗುಲ್ಲೆದ್ದಿತು. "ಮತ್ತೆ ಯಾರದ್ದು?" "ಬಿದ್ದ ಮೇಲೆ ನನ್ನದಲ್ಲ ಅಂದ್ರೆ ಆಯ್ತಾ?" "ಖೋಟಂ ಬೋಲ್ತೇ ಹೀ! ಸುಳ್ಳು!"

"ನನ್ನ ಮೂರು ಗೋಡೆ ಅಂಗಳದಲ್ಲಿ ನಿಂತಿದೆ," ಪ್ರಣೀತಾ ದನಿ ಏರಿಸಿದಳು. "ಹೋಗಿ ಒದೀರಿ. ನೀರು ಸುರೀರಿ. ಬೆಂಕಿ ಇಡಿ. ಬಿದ್ದರೆ ನಾನೇ ಸ್ಟೇಷನ್ನಿಗೆ ನಡೆದುಕೊಂಡು ಹೋಗ್ತೀನಿ. ಆದರೆ ಕ್ಷಮೆ ಕೇಳಲ್ಲ."

"ಹಾಗಾದರೆ ದೂರು ಕೊಡ್ಬೇಕಾಗ್ತದೆ," ಎಂದಳು ಚಂದ್ರಬಾಯಿ.

"ಕೊಡಿ."

"ಸಿಮೆಂಟ ಹಾಕಿದಾಂವ ನಾನು!"

ಎಲ್ಲರೂ ಹಿಂದಕ್ಕೆ ತಿರುಗಿದರು. ಬಾಗಿಲಲ್ಲಿ ಬಸಲಿಂಗಪ್ಪ ನಿಂತಿದ್ದ. ಆಸ್ಪತ್ರೆಯಿಂದ ಓಡಿಕೊಂಡೇ ಬಂದವನಂತೆ ಏದುಸಿರು ಬಿಡುತ್ತಿದ್ದ. ಜನ ತಾವಾಗಿಯೇ ದಾರಿ ಬಿಟ್ಟರು. ಅವನು ನಡುವೆ ಬಂದು ನಿಂತು ಎಲ್ಲವನ್ನೂ ಹೇಳಿದ. ಕಮ್ಮಿ ಬಿದ್ದ ಇಟ್ಟಿಗೆ, ಸಿಪ್ಪೆಯ ರಾಶಿ, ತಾನೇ ಕಲಸಿದ ಸಿಮೆಂಟು, ಒಂದನ್ನೂ ಬಿಡಲಿಲ್ಲ.

"ಆ ಕೂಸಿನ ತಪ್ಪಿಲ್ಲ. ಬೇಡಿ ಹಾಕೂದಿದ್ರ ನನಗ ಹಾಕ್ರಿ."

ಮುಂದಿನ ಸಾಲಿನಲ್ಲಿ ಶಿವರಾಜ ಕಣ್ಣೊರೆಸಿಕೊಂಡ. ಪ್ರಣೀತಾ ಅಳುತ್ತಿದ್ದಳು. ಮುಗಿಯಿತು ಎಂದು ಲೋಲಾಕ್ಷಿ ನಿಟ್ಟುಸಿರು ಬಿಟ್ಟಳು.

"ಆದ್ರ ಒಂದ ಮಾತೈತ್ರಿ," ಬಸಲಿಂಗಪ್ಪ ಲೋಲಾಕ್ಷಿಯ ಕಡೆಗೇ ತಿರುಗಿದ. "ಬಾಯಾರ, ಆವಾಗ ನೀವು ಹೇಳಾಕ ಬಿಡಲಿಲ್ಲ. ಸಿಮೆಂಟ ನಂದು, ಒಪ್ಪೀನಿ. ಆದ್ರ ಸಿಪ್ಪಿ ತೊಳೀಬ್ಯಾಡ ಅಂದದ್ದು ನಾ ಅಲ್ಲ. ಸುಣ್ಣದ ನೀರಾಗ ತೊಳೀಬೇಕು ಅಂತ ಈ ಕೂಸು ತೋರಿಸಿತ್ತು. ನಾ ಡ್ರಮ್ಮಿನ್ಯಾಗ ಸುಣ್ಣ ಕಲಸಿ ಇಟ್ಟಿದ್ನಿ. ಫೋನ್ ಮಾಡಿ ಕೇಳೀದೆ. ಸಿಮೆಂಟ ಹಾಕಾಕತ್ತೀನಿ ಅಂತಾನೂ ಹೇಳೀದೆ. ತೊಳೀಬ್ಯಾಡ, ಹಂಗs ಕಲಸು ಅಂದ್ರು."

ಲೋಲಾಕ್ಷಿಗೆ ಥಟ್ಟನೆ ಹೊಳೆಯಿತು. ಸಿಮೆಂಟು ಹಾಕಿದ್ದು ಮುದುಕನ ಮೂಢನಂಬಿಕೆ. ಆದರೆ ಸಿಮೆಂಟು ಸೇರುತ್ತಿದೆ ಎಂದು ಗೊತ್ತಿದ್ದೂ ಸಿಹಿ ತೊಳೆಯಬೇಡ ಎಂದವರು ಗೋಡೆ ಬೀಳುತ್ತದೆಂದು ತಿಳಿದೇ ಹೇಳಿದ್ದು!

"ಯಾರು? ಫೋನಿನಲ್ಲಿ ಯಾರು ಮಾತಾಡಿದ್ದು?"

ಬಸಲಿಂಗಪ್ಪ ಕೈಯೆತ್ತಿ ಪ್ರಣೀತಾಳ ಪಕ್ಕದ ಕುರ್ಚಿಯನ್ನು ತೋರಿಸಿದ.

ಸಮಿತ್ ಗಾಬರಿಯಾಗಲಿಲ್ಲ. ಫೋನನ್ನು ಜೇಬಿಗೆ ಹಾಕಿ, ಕುರ್ಚಿ ಹಿಂದಕ್ಕೆ ಸರಿಸಿ, ನಿಧಾನವಾಗಿ ಎದ್ದ.

"ಹಾಂ. ಮೈನೇ ಬೋಲಾ ಥಾ," ಎಂದು ತಾನೇ ಹೇಳಿದ್ದಾಗಿ ಒಪ್ಪಿಕೊಂಡ.

ಚಂದ್ರಬಾಯಿ ಕನ್ನಡಕ ತೆಗೆದಳು.

ಅವನು ಪ್ರಣೀತಾಳ ಕಡೆ ತಿರುಗಿದ. ಇಷ್ಟು ದಿನ ಹೆಚ್ಚಾಗಿ ಹಿಂದಿಯಲ್ಲೇ ಮಾತಾಡಿದವನ ಬಾಯಿಂದ ಈಗ ಬಂದದ್ದು ಅಚ್ಚ ಕನ್ನಡ.

"ಇಟ್ಟಿಗೆಯ ಕಾಗದಪತ್ರದಿಂದ ನನ್ನ ಹೆಸರು ತೆಗೆಸಿದವಳು ನೀನು. ಆ ಗೋಡೆ ಯಾಕೆ ಬೀಳಬೇಕಿತ್ತು ಅಂತ ನಿನಗೆ ಗೊತ್ತುಂಟು. ನಾನು ಹೇಳಬೇಕಾ, ನೀನೇ ಹೇಳ್ತಿಯಾ?"

ಲೋಲಾಕ್ಷಿ ತನ್ನ ಕಕ್ಷಿದಾರಳ ಮುಖ ನೋಡಿದಳು. ಅಲ್ಲಿ ಆಶ್ಚರ್ಯ ಇರಬೇಕಿತ್ತು. ಇರಲಿಲ್ಲ. ಮುಖ ಸುಣ್ಣದಷ್ಟು ಬೆಳ್ಳಗಾಗಿತ್ತು, ಅಷ್ಟೇ. ತನಗೆ ಎಲ್ಲವನ್ನೂ ಹೇಳಿದ್ದಾಳೆ ಎಂದು ತಾನು ನಂಬಿದ್ದ ಹುಡುಗಿ ಏನನ್ನೋ ಬಚ್ಚಿಟ್ಟಿದ್ದಳು.

ಪ್ರಣೀತಾ ಅಂಗೈಯಿಂದ ಕಣ್ಣೊರೆಸಿಕೊಂಡಳು. ಗಲ್ಲ ಮೇಲೆತ್ತಿದಳು. ಎರಡು ಹೆಜ್ಜೆ ಮುಂದೆ ಬಂದು ಮೈಕನ್ನು ಸಮಿತನ ಬಾಯಿಗೆ ಹಿಡಿದಳು.

"ನೀನೇ ಹೇಳು. ಗಟ್ಟಿಯಾಗಿ ಹೇಳು. ಹಿಂದೆ ಕೂತವರಿಗೂ ಕೇಳಲಿ."